ಸುಂಟರಗಾಳಿ ಹುಡುಕುವ ಕಂಪುಸಾಮೆ

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಎಲ್ಲಿ ಕೂರಬೇಕೆಂದು ಜಾಗ ನೋಡುತ್ತಿದ್ದವು. ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಮನುಷ್ಯರು ಆಡಿದ ಮಾತು ಇರುವೆಗೆ ತಿಳಿಯುತ್ತಿತ್ತು, ಇರುವೆ ಆಡಿದ್ದು ಮನುಷ್ಯರಿಗೆ ತಿಳಿಯುತ್ತಿತ್ತು.

ಆಗ ಒಂದು ಹೊಳೆಯ ದಂಡೆಯ ಬಯಲಿನಲ್ಲಿ ವಾರಕ್ಕೊಮ್ಮೆ ಸಂತೆ ಸೇರುತ್ತಿತ್ತು. ಒಂದೊಂದು ಮನೆಯವರು ಒಂದೊಂದು ಪದಾರ್ಥ ತರುತ್ತಿದ್ದರು. ಒಬ್ಬರು ಬೆಲ್ಲ ತಂದರೆ ಇನ್ನೊಬ್ಬರು ಗೆಣಸು, ಮತ್ತೊಬ್ಬರು ಬೆಣ್ಣೆ. ಜೇನುಹುಳುಗಳು ಮುತ್ತುಗದ ದೊನ್ನೆಯಲ್ಲಿ ಜೇನುತುಪ್ಪ ತರುತ್ತಿದ್ದವು. ಗೀಜಗ ತಾನೇ ಹೆಣೆದ ಬುಟ್ಟಿಗಳನ್ನು ಸಾಲಾಗಿ ಜೋಡಿಸಿ, ಯಾರಾದರೂ ಮುಟ್ಟಿ ನೋಡಿದರೆ ಕತ್ತು ಕೊಂಕಿಸಿ ನೋಡುತ್ತಿತ್ತು. ಬುಟ್ಟಿ ಬೇಕಾದವರು ಅದಕ್ಕೆ ಕಾಳು ಕೊಡುತ್ತಿದ್ದರು, ಜೇನು ಬೇಕಾದವರು ಹೂವಿನ ಗಿಡ ನೆಡುತ್ತೇವೆಂದು ಮಾತು ಕೊಡುತ್ತಿದ್ದರು.

ಗಾಳಿಗೂ ಆ ಸಂತೆಯಲ್ಲಿ ಕೆಲಸವಿತ್ತು. ಅವನಿಗೆ ಹೊಲವಿರಲಿಲ್ಲ, ಮನೆಯಿರಲಿಲ್ಲ, ಮಾರಲು ಏನೂ ಇರಲಿಲ್ಲ. ಅವನು ಬುಟ್ಟಿಯಿಂದ ಬುಟ್ಟಿಗೆ ಬಾಗಿ, ಒಂದೊಂದರ ವಾಸನೆಯನ್ನು ತೆಗೆದುಕೊಂಡು ಊರೂರಿಗೆ ಹೋಗುತ್ತಿದ್ದ. ಮನೆಯಲ್ಲಿ ಕೂತವರಿಗೆ ಇವತ್ತು ಹೊಸ ಬೆಲ್ಲ ಬಂದಿದೆ, ಇವತ್ತು ಬೆಣ್ಣೆ ಬಂದಿದೆ ಎಂದು ಮೂಗಿಗೇ ಸುದ್ದಿ ಮುಟ್ಟುತ್ತಿತ್ತು. ಆಗೆಲ್ಲ ಗಾಳಿ ನೆಟ್ಟಗೆ ನಡೆಯುತ್ತಿದ್ದ. ಹೋದರೆ ನೆಟ್ಟಗೆ, ಬಂದರೆ ನೆಟ್ಟಗೆ. ಬೇರೆ ನಡಿಗೆಯೇ ಅವನಿಗೆ ಗೊತ್ತಿರಲಿಲ್ಲ.

ಆ ಸಂತೆಗೆ ಹಾಲವ್ವ ಎಂಬ ಹೆಂಗಸು ಕಂಪುಸಾಮೆ ತರುತ್ತಿದ್ದಳು. ಕಾಳು ಸಣ್ಣದು, ಹಗುರ, ಈಗಿನ ಸಾಮೆಯ ಹಾಗೆಯೇ. ಆದರೆ ಒಲೆಯ ಮೇಲಿಟ್ಟರೆ ಅದರ ಘಮ ಓಣಿಯ ತುದಿ ಮುಟ್ಟುತ್ತಿತ್ತು. ಊಟ ಒಲ್ಲೆನೆಂದು ಮುಖ ತಿರುಗಿಸಿದ ಕೂಸು ಕೂಡ ಆ ಘಮಕ್ಕೆ ಬಾಯಿ ತೆರೆಯುತ್ತಿತ್ತು. ಬಾಣಂತಿಗೆ ಅದರ ಗಂಜಿಯೇ ಆಗಬೇಕು. ಹಾಸಿಗೆ ಹಿಡಿದ ಮುದುಕರು ಅದರ ಅನ್ನವನ್ನೇ ಕೇಳುತ್ತಿದ್ದರು.

ಅದು ಅವಳಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಒಂದು ದಿನ ಸೌದೆಗೆ ಹೋದಾಗ ಬಂಡೆಯ ಬಿರುಕಿನಲ್ಲಿ ಒಂದೇ ಒಂದು ತೆನೆ ತೂಗಾಡುತ್ತಿದ್ದದ್ದು ಕಂಡಿತು. ಬಾಗಿ ಮೂಸಿದವಳು ಸೌದೆಯನ್ನು ಅಲ್ಲಿಯೇ ಬಿಟ್ಟು ತೆನೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಹಿತ್ತಲಿನಲ್ಲಿ ಬಿತ್ತಿದಳು. ಬೆಳೆದದ್ದರಲ್ಲಿ ಚೆನ್ನಾಗಿರುವುದನ್ನು ಆರಿಸಿ ಮತ್ತೆ ಬಿತ್ತಿದಳು. ಮಕ್ಕಳು ಒಂದು ತುತ್ತು ಮಾಡಿಕೊಡೆಂದು ಅತ್ತರೂ ಎದೆ ಗಟ್ಟಿ ಮಾಡಿಕೊಂಡು ಒಂದು ಕಾಳನ್ನೂ ಬೇಯಿಸಲಿಲ್ಲ. ಹಕ್ಕಿ ಕಾಯುತ್ತ ಕಾಯುತ್ತ ಅವಳ ಗಂಟಲು ಒಡೆಯಿತು. ಹೀಗೆ ವರ್ಷಗಳು ಕಳೆದ ಮೇಲೆ ಹೊಲದ ತುಂಬ ಕಂಪುಸಾಮೆ ತಲೆದೂಗಿತು.

ಅದಕ್ಕೇ ಅವಳಿಗೆ ಆ ಬೀಜದ ಮೇಲೆ ಜೀವ. ಅದಕ್ಕೇ ಅದನ್ನು ಅವಳು ಯಾರಿಗೂ ಕೊಡಲಿಲ್ಲ.

ಸಂತೆಗೆ ತರುವಾಗ ಕಾಳನ್ನು ಒರಳಿನಲ್ಲಿ ಕುಟ್ಟಿ, ಸಿಪ್ಪೆ ತೆಗೆದು, ಅಕ್ಕಿ ಮಾಡಿಯೇ ತರುತ್ತಿದ್ದಳು. ಕುಟ್ಟಿದ ಅಕ್ಕಿ ಬೇಯುತ್ತದೆ, ಮೊಳೆಯುವುದಿಲ್ಲ. ಬಿತ್ತಬೇಕೆಂದರೆ ಸಿಪ್ಪೆಯಿರುವ ಕಾಳೇ ಬೇಕು. ಆ ಕಾಳು ಹಾಲವ್ವನ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಹಾಲವ್ವನಿಗೆ ಕೆಂಚವ್ವ ಎಂಬ ತಂಗಿಯಿದ್ದಳು. ಅವಳನ್ನು ಕೊಟ್ಟದ್ದು ಗುಡ್ಡದ ಆಚೆಯ ಊರಿಗೆ, ಹಸು ಕಾಯುವವರ ಮನೆಗೆ. ಅವಳು ಸಂತೆಗೆ ಬೆಣ್ಣೆ ತರುತ್ತಿದ್ದಳು. ಒಂದು ವರ್ಷ ಹಸುಗಳಿಗೆ ಬೇನೆ ಬಂದು ಕೊಟ್ಟಿಗೆ ಅರ್ಧ ಖಾಲಿಯಾಯಿತು. ಉತ್ತು ಬಿತ್ತಿ ಗೊತ್ತಿಲ್ಲದ ಮನೆ, ಇದ್ದದ್ದು ಕಲ್ಲು ತುಂಬಿದ ಇಳಿಜಾರು. ಬಂಡೆಯ ಬಿರುಕಿನಲ್ಲೇ ಹುಟ್ಟಿದ ಕಂಪುಸಾಮೆ ಕಲ್ಲಿನ ನಡುವೆಯೂ ಬೆಳೆದೀತೆಂದು ಅವಳಿಗೆ ಅನ್ನಿಸಿತು.

ಕೆಂಚವ್ವ ಅಕ್ಕನ ಮನೆಗೆ ಬಂದಳು. ಉಂಡಳು, ಮಕ್ಕಳ ತಲೆ ಬಾಚಿದಳು, ಅಂಗಳ ಸಾರಿಸಿದಳು. ಹೊರಡುವ ಹೊತ್ತಿಗೆ ಮೆಲ್ಲಗೆ, ಒಂದು ಬೊಗಸೆ ಬೀಜ ಕೊಡುವೆಯಾ ಎಂದು ಕೇಳಿದಳು.

ಹಾಲವ್ವನಿಗೆ ಬೇಡವೆನ್ನಲು ನಾಲಿಗೆ ಬರಲಿಲ್ಲ, ಕೊಡಲು ಕೈ ಬರಲಿಲ್ಲ. ಗುಡ್ಡದ ಆಚೆಯೂ ಇದೇ ಬೆಳೆದರೆ ಆಚೆಯ ಜನ ಸಂತೆಗೆ ಬಂದು ನನ್ನ ಮುಂದೆ ಯಾಕೆ ನಿಲ್ಲುತ್ತಾರೆ ಎಂದು ಅವಳ ಒಳಗೊಂದು ಮಾತು ಎದ್ದಿತು. ಅವಳು ಒಳಗೆ ಹೋದಳು. ಒಂದು ಗಡಿಗೆಯಲ್ಲಿ ಬೀಜವಿತ್ತು, ಇನ್ನೊಂದರಲ್ಲಿ ಕುಟ್ಟಿದ ಅಕ್ಕಿಯಿತ್ತು. ಅಕ್ಕಿಯ ಗಡಿಗೆಗೆ ಕೈಹಾಕಿ, ತಂಗಿಯ ಸೆರಗಿನ ತುಂಬ ಮಡಿಲಕ್ಕಿ ಸುರಿದಳು. ಅರಿಸಿನ ಕುಂಕುಮ ಇಟ್ಟಳು. ಬೀಜದ ಮಾತು ಎತ್ತಲಿಲ್ಲ.

ಕೆಂಚವ್ವನ ಮುಖ ಅರಳಿತು. ಅಕ್ಕನ ಕಾಲು ಮುಟ್ಟಿ, ಸೆರಗನ್ನು ಎದೆಗವಚಿಕೊಂಡು ಗುಡ್ಡ ಹತ್ತಿದಳು. ಇಷ್ಟು ಖುಷಿ ಯಾಕೆಂದು ಹಾಲವ್ವನಿಗೆ ಒಂದು ಗಳಿಗೆ ಅನ್ನಿಸಿತು. ಆಮೇಲೆ ಹೊಗೆಯಾಡುತ್ತಿದ್ದ ಒಲೆ ನೆನಪಾಗಿ ಒಳಗೆ ಹೋದಳು.

ಅವಳ ಗಂಡ ಗುಡ್ಡಪ್ಪ ಜಗಲಿಯ ಮೇಲಿದ್ದ. ಅವನು ಹೆಚ್ಚು ಮಾತಾಡುವವನಲ್ಲ. "ಒಂದು ಬೊಗಸೆ ಹೋಗಿದ್ರೆ ಗಡಿಗೆ ಬರಿದಾಗ್ತಿತ್ತೇನು?" ಎಂದ. ಹಾಲವ್ವ ಕೇಳಿಸದವಳ ಹಾಗೆ ಒಲೆ ಊದಿದಳು.

ಬೀಜವನ್ನು ಬಚ್ಚಿಟ್ಟವರಿಗೆ ನೆಮ್ಮದಿ ಎಲ್ಲಿಯದು? ತಾನು ಸಂತೆಗೆ ಹೋದಾಗ ಗಂಡ ತಂಗಿಗೆ ಕೊಟ್ಟಾನು, ನೆರೆಯವರು ಹಿಡಿ ಒಯ್ದಾರು ಎಂದು ಹಾಲವ್ವನಿಗೆ ದಿಗಿಲು ಹತ್ತಿತು. ಬಿತ್ತನೆಯ ದಿನ ಹತ್ತಿರ ಬಂದ ಹಾಗೆ ದಿಗಿಲೂ ಬೆಳೆಯಿತು. ಕೊನೆಗೆ ಮನೆಯಲ್ಲಿದ್ದ ಬೀಜವನ್ನೆಲ್ಲ ಗಂಟು ಕಟ್ಟಿ, ತಲೆಯ ಮೇಲೆ ಹೊತ್ತುಕೊಂಡೇ ಸಂತೆಗೆ ಹೋದಳು.

ಆ ದಿನ ಸಂತೆ ತೆಳ್ಳಗಿತ್ತು. ಮಳೆ ಹತ್ತಿರವಾಗಿ ಜನ ಹೊಲ ಹಸನು ಮಾಡುತ್ತಿದ್ದರು. ಮಧ್ಯಾಹ್ನವಾದರೂ ಹಾಲವ್ವನ ಬುಟ್ಟಿಯ ಅಕ್ಕಿ ಇಳಿಯಲಿಲ್ಲ. ಅವಳು ಗಾಳಿಯನ್ನು ಕರೆದು, ಇನ್ನಷ್ಟು ದೂರ ಹೋಗಿ ಬಾ ಎಂದಳು. ಗಾಳಿ ಹೋಗಿ ಬಂದ. ಯಾರೂ ಬರಲಿಲ್ಲ. ಮತ್ತೆ ಕಳಿಸಿದಳು. ಮತ್ತೆ ಬಂದ. ಅಕ್ಕಿಯ ಘಮ ಅಷ್ಟು ದೂರ ಹೋಗುವಷ್ಟರಲ್ಲಿ ಸವೆದುಹೋಗುತ್ತದೆ ಎಂದ.

ಸಿಪ್ಪೆಯಿರುವ ಕಾಳಿನ ಘಮ ಇನ್ನೂ ಗಟ್ಟಿಯೆಂದು ಹಾಲವ್ವನಿಗೆ ಗೊತ್ತಿತ್ತು. ಅವಳು ಬೀಜದ ಗಂಟು ಬಿಚ್ಚಿ ಬಟ್ಟೆಯ ಮೇಲೆ ಹರವಿದಳು. ಸಂತೆಯೆಲ್ಲ ಒಂದು ಸಲ ತಲೆಯೆತ್ತಿ ನೋಡಿತು. ಬಟ್ಟೆಯ ನಾಲ್ಕು ಮೂಲೆಗೂ ಕಲ್ಲು ಹೇರಿ, ಈ ಘಮ ಹೊತ್ತು ಓಡು, ಗುಡ್ಡಗಳನ್ನೆಲ್ಲ ದಾಟುವ ತನಕ ನಿಲ್ಲಬೇಡ ಎಂದು ಗಾಳಿಗೆ ಹೇಳಿದಳು.

ಗಾಳಿ ಹಿಂಜರಿದ. "ಅವ್ವಾ, ನಾನು ನಡೆದರೆ ಸರಿ. ಓಡಿದರೆ ನನ್ನ ಕೈ ನನ್ನ ಮಾತು ಕೇಳಲ್ಲ. ಮೊದಲು ಬೀಜ ಕಟ್ಟಿಡು."

"ಕಲ್ಲು ಇಟ್ಟಿದ್ದೀನಲ್ಲಪ್ಪ. ನೀನು ಓಡು."

ಹಿರಿಯಳ ಮಾತು ಮೀರಬಾರದೆಂದು ಗಾಳಿ ಓಡಿದ. ಮೂಲೆಯ ಕಲ್ಲುಗಳು ಉರುಳಿದವು. ಬಟ್ಟೆ ಹಕ್ಕಿಯ ಹಾಗೆ ಮೇಲೆದ್ದಿತು. ಹಾಲವ್ವ ಎರಡು ಕೈ ಚಾಚಿ ಹಿಡಿಯಹೋದಳು. ಕೈಗೆ ಬಟ್ಟೆ ಸಿಕ್ಕಿತು, ಬೀಜ ಸಿಗಲಿಲ್ಲ.

ಗಾಳಿ ನಿಂತು ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಳು ಹೊಳೆಯ ಮೇಲೆ ಬಿದ್ದು ತೇಲಿಹೋಯಿತು, ಬಂಡೆಯ ಮೇಲೆ ಬಿದ್ದು ಬಿಸಿಲಿಗೆ ಸೀದುಹೋಯಿತು. ಉಳಿದದ್ದು ಯಾರ ಯಾರದೋ ಹೊಲದಲ್ಲಿ ಬಿದ್ದು, ಮುಂದೆ ಅಲ್ಲಿ ಬಿತ್ತಿದ ಸಾಮೆಯ ಜೊತೆ ಕಲೆತು ಘಮ ಕಳೆದುಕೊಂಡಿತು.

ಸಂತೆಯವರೆಲ್ಲ ತಮ್ಮ ಬುಟ್ಟಿಗಳನ್ನು ಬಿಟ್ಟು ಹುಡುಕಿದರು. ಇರುವೆಗಳು ಸಾಲುಗಟ್ಟಿ ಹೊರಟು ಸಿಕ್ಕ ಸಿಕ್ಕ ಕಾಳನ್ನು ಹೊತ್ತು ತಂದವು. ಗೀಜಗ ಹುಲ್ಲಿನ ಬುಡಬುಡಕ್ಕೂ ಹೋಗಿ ನೋಡಿ ಕೊಕ್ಕಿನಲ್ಲಿ ತಂದಿತು. ಹಾಲವ್ವ ಒಂದೊಂದನ್ನೂ ಮೂಸಿದಳು. ಕೆಲವು ಹುಲ್ಲಿನ ಬೀಜ, ಕೆಲವು ಬರೀ ಸಾಮೆ, ಕಂಪು ಒಂದರಲ್ಲೂ ಇರಲಿಲ್ಲ.

ಆಗ ಅವಳಿಗೆ ತಂಗಿ ನೆನಪಾದಳು. ಸಂತೆಯ ಆ ಕಡೆ ಬೆಣ್ಣೆಯ ಗಡಿಗೆ ಮುಂದಿಟ್ಟುಕೊಂಡಿದ್ದ ಕೆಂಚವ್ವ ತಾನೂ ಎದ್ದು ಬಂದು, ಮಣ್ಣಿನಲ್ಲಿ ಮೊಣಕಾಲೂರಿ ಅಕ್ಕನ ಕಾಳು ಹುಡುಕುತ್ತಿದ್ದಳು. ಹಾಲವ್ವ ಅವಳ ಪಕ್ಕದಲ್ಲಿ ಕುಸಿದು ಕೂತಳು. ನಾನು ಕೊಟ್ಟದ್ದರಲ್ಲಿ ಏನಾದರೂ ಉಳಿದಿದೆಯಾ, ಒಂದೆರಡು ಕಾಳಾದರೂ ಸಿಪ್ಪೆ ಬಿಡದೆ ಬಂದಿತ್ತಾ ಎಂದು ಕೇಳಿದಳು.

ಕೆಂಚವ್ವ ತಲೆ ತಗ್ಗಿಸಿದಳು. ತಪ್ಪು ಮಾಡಿದವಳು ತಾನೇ ಎಂಬಂತಿತ್ತು ಅವಳ ಮುಖ.

"ಎಲ್ಲಾ ಬಿತ್ತಿಬಿಟ್ಟೆ ಅಕ್ಕಾ. ಮಕ್ಕಳು ಅಳ್ತಾ ಇದ್ರೂ ಬೇಯಿಸಲಿಲ್ಲ. ದಿನಾ ಬಿಂದಿಗೆ ಹೊತ್ತು ನೀರು ಹಾಕಿದೆ. ಒಂದೂ ಮೊಳೀಲಿಲ್ಲ. ನನ್ನ ಕೈಗುಣ ಚೆನ್ನಾಗಿಲ್ಲ ಅಂತ ನಿನಗೆ ಹೇಳೋಕೆ ನಾಚಿಕೆಯಾಯ್ತು."

ಬಿಸಿಲಿನಲ್ಲಿ ಗುಡ್ಡ ಹತ್ತಿ ಇಳಿದು, ಎಂದೂ ಮೊಳೆಯದ ಅಕ್ಕಿಗೆ ತಂಗಿ ನೀರು ಹೊಯ್ಯುತ್ತಿದ್ದದ್ದು ಹಾಲವ್ವನ ಕಣ್ಣಿಗೆ ಕಟ್ಟಿತು. ತಂಗಿಯ ಮಣ್ಣು ಮೆತ್ತಿದ ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು. ಬಹಳ ಹೊತ್ತು ಒರೆಸಿದಳು. ಆಮೇಲೆ, "ನಿನ್ನ ಕೈಗುಣ ಚೆನ್ನಾಗೇ ಇದೆ ಕೆಂಚಿ. ನಾನು ಕೊಟ್ಟದ್ದೇ ಸರಿಯಿರಲಿಲ್ಲ. ಅದು ಮೊಳೆಯೋದಲ್ಲ ಅಂತ ನನಗೆ ಗೊತ್ತಿತ್ತು" ಎಂದಳು.

ಕೆಂಚವ್ವ ಅಕ್ಕನ ಮುಖ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಕೈಯನ್ನು ಮಾತ್ರ ಮೆಲ್ಲಗೆ ಬಿಡಿಸಿಕೊಂಡು, ಬೆಣ್ಣೆಯ ಗಡಿಗೆ ಹೊತ್ತು ಮನೆಯ ದಾರಿ ಹಿಡಿದಳು.

ಮಳೆ ಬಂತು. ಇರುವೆ ತಂದದ್ದು, ಗೀಜಗ ತಂದದ್ದು, ಎಲ್ಲವನ್ನೂ ಹಾಲವ್ವ ಬಿತ್ತಿ ನೋಡಿದಳು. ಮೊಳೆಯಿತು, ತೆನೆಯೂ ಬಿಟ್ಟಿತು. ಬೇಯಿಸಿದರೆ ಘಮವಿರಲಿಲ್ಲ. ಅವಳು ಬಂಡೆಯ ಬಿರುಕುಗಳನ್ನೆಲ್ಲ ಹುಡುಕಿ ಬಂದಳು. ಅಲ್ಲಿ ಹಾವಸೆ ಮಾತ್ರ ಇತ್ತು. ಇನ್ನೊಂದು ಮನೆಯಲ್ಲಿ ಒಂದು ಬೊಗಸೆ ಬೀಜ ಇದ್ದಿದ್ದರೆ ಅಲ್ಲಿಗೆ ಹೋಗಿ ಸೆರಗು ಒಡ್ಡಬಹುದಿತ್ತು. ಇನ್ನೊಂದು ಮನೆಯಲ್ಲಿ ಇರಲಿಲ್ಲ. ಇರದ ಹಾಗೆ ನೋಡಿಕೊಂಡವಳು ಅವಳೇ.

ಆಮೇಲಿಂದ ಅವಳು ಬರೀ ಸಾಮೆ ಬೆಳೆದಳು. ಸಂತೆಯಲ್ಲಿ ಯಾರು ಅಕ್ಕಿ ಕೊಂಡರೂ ಕೇಳುವ ಮೊದಲೇ ಒಂದು ಹಿಡಿ ಬೀಜ ಜೊತೆಗೆ ಕಟ್ಟಿಕೊಡುತ್ತಿದ್ದಳು. ಕೆಂಚವ್ವನ ಇಳಿಜಾರಿಗೂ ತಾನೇ ಬೀಜ ಹೊತ್ತು ಹೋದಳು. ತಂಗಿ ಬಾಗಿಲು ತೆರೆದಳು, ನೀರು ಕೊಟ್ಟಳು, ಬೀಜವನ್ನೂ ತೆಗೆದುಕೊಂಡಳು. ಆದರೆ ಅಕ್ಕನ ಮನೆಯಲ್ಲಿ ಮಕ್ಕಳ ತಲೆ ಬಾಚಲು ಮತ್ತೆ ಬರಲಿಲ್ಲ.

ಗಾಳಿಯ ಸಂಕಟ ಬೇರೆಯೇ. ಚೆಲ್ಲಿದ ಕೈ ತನ್ನದೇ ಅಲ್ಲವೇ? ಒಂದೇ ಒಂದು ಕಾಳಾದರೂ ಹುಡುಕಿ ತಂದು ಹಾಲವ್ವನ ಮಡಿಲಿಗೆ ಹಾಕುತ್ತೇನೆಂದು ಅವನು ಸಂತೆಯ ಬಯಲಿಗೆ ಇಳಿದ. ನೆಟ್ಟಗೆ ನಡೆದರೆ ಎಡಬಲದ ಮೂಲೆಗಳು ಉಳಿದುಹೋಗುತ್ತಿದ್ದವು. ಒಂದು ಮೂಲೆಯೂ ಉಳಿಯಬಾರದೆಂದು ಅವನು ಸುತ್ತತೊಡಗಿದ. ಸುತ್ತುತ್ತ ಸುತ್ತುತ್ತ ಕಸಕಡ್ಡಿ ಎತ್ತಿದ, ಹೊಟ್ಟು ಎತ್ತಿದ, ತರಗೆಲೆ ಎತ್ತಿದ. ಮೇಲಕ್ಕೆ ಹಿಡಿದು ಮೂಸಿದ. ಅದಲ್ಲವೆಂದು ಕೆಳಗೆ ಬಿಟ್ಟ.

ಹಾಲವ್ವ ಮುದುಕಿಯಾದಳು. ಸಂತೆ ಮುಗಿದ ಮೇಲೂ ಖಾಲಿ ಬುಟ್ಟಿಯ ಪಕ್ಕ ಕೂತು ಗಾಳಿಯ ಸುತ್ತಾಟ ನೋಡುತ್ತಿದ್ದಳು. ಒಂದು ದಿನ ಅವನು ಹತ್ತಿರ ಸುತ್ತಿ ಬಂದಾಗ, "ಸಾಕು ಬಿಡಪ್ಪ. ನೀನು ಹೇಳಿದ್ದೆ, ನಾನೇ ಕೇಳಲಿಲ್ಲ" ಎಂದಳು. ಸುತ್ತುವವನ ಕಿವಿಯ ತುಂಬ ಧೂಳು. ಅವನಿಗೆ ಆ ಮಾತು ಕೇಳಿಸಲಿಲ್ಲ. ಮುಂದೆ ಅವಳಿಲ್ಲವಾದಳು. ಆಗ, ಇನ್ನು ಹುಡುಕಬೇಡವೆಂದು ಗಾಳಿಗೆ ಹೇಳುವವರೇ ಉಳಿಯಲಿಲ್ಲ.

ಸುಗ್ಗಿಯಲ್ಲಿ ಕಣದ ರಾಶಿ ತೂರುವಾಗ ರೈತರು ಕರೆದರೆ ಅವನು ಇಂದಿಗೂ ನೆಟ್ಟಗೆ ಬಂದು ಹೊಟ್ಟು ಹಾರಿಸಿಕೊಟ್ಟು ಹೋಗುತ್ತಾನೆ. ಆದರೆ ಸಂತೆ ಎದ್ದುಹೋಗಿ, ಬಿಸಿಲು ಇನ್ನೂ ಆರದ ಹೊತ್ತಿನಲ್ಲಿ ಬಯಲಿನ ಕಡೆ ನೋಡು. ಈರುಳ್ಳಿ ಸಿಪ್ಪೆ, ಕೊತ್ತಂಬರಿ ಕಡ್ಡಿ, ಧೂಳು ಎಲ್ಲ ಒಟ್ಟಿಗೆ ಗಿರಗಿರನೆ ಮೇಲೇಳುತ್ತದೆ. ದೆವ್ವದ ಗಾಳಿ ಬಂತೆಂದು ಕೆಲವರು ದೂರ ಸರಿಯುತ್ತಾರೆ. ಅದು ದೆವ್ವವಲ್ಲ ಮಗು, ನೆಲದ ಮೇಲೆ ಬಿದ್ದದ್ದನ್ನೆಲ್ಲ ಎತ್ತಿ ಮೂಸಿ, ಕಂಪುಸಾಮೆಯಲ್ಲವೆಂದು ಮತ್ತೆ ನೆಲಕ್ಕೇ ಬಿಟ್ಟು, ಆಚೆಯ ಮೂಲೆಗೆ ಸುತ್ತಿಕೊಂಡು ಹೋಗುವ ಆ ಗಾಳಿ.