ಓರಗಿತ್ತಿಯ ಕೈ

"ಗುರುಗಳೇ, ಬಲಗೈ ಒಂದನ್ನೇ ನುಡಿಸಿದರೆ ತಪ್ಪಾಗುವುದಿಲ್ಲ. ಎಡಗೈ ಒಂದನ್ನೇ ನುಡಿಸಿದರೂ ತಪ್ಪಾಗುವುದಿಲ್ಲ. ಎರಡನ್ನೂ ಕೂಡಿಸಿದ ಕೂಡಲೇ ಎರಡೂ ಕೆಡುತ್ತವೆ. ಯಾಕೆ ಹೀಗೆ?"

ಕೇಳಿದವಳು ವಾರಿಜಾ. ಅವಳು ಪಿಯಾನೊ ಕಲಿಯಲು ಬಂದು ಒಂದು ವರ್ಷವಾಗಿತ್ತು. ಮುಂದಿನ ಭಾನುವಾರ ಮೊದಲ ಸಲ ಜನರ ಮುಂದೆ ನುಡಿಸಬೇಕಿತ್ತು. ಎಡಗೈಗೆ ಇದ್ದದ್ದು ಸುಲಭದ ಕೆಲಸ, ಒಂದೇ ನಡೆಯನ್ನು ಮತ್ತೆ ಮತ್ತೆ ನುಡಿಸುವುದು. ಕಷ್ಟವೆಲ್ಲ ಬಲಗೈಯದು. ಆದರೆ ಬಲಗೈ ಎಲ್ಲಿ ತಡವರಿಸಿತೋ ಅಲ್ಲೇ ಎಡಗೈಯೂ ನಿಂತುಬಿಡುತ್ತಿತ್ತು. ಅವಳು ನಿಧಾನವಾಗಿ ನುಡಿಸಿ ನೋಡಿದ್ದಳು, ಬಾಯಲ್ಲಿ ತಾಳ ಹೇಳಿಕೊಂಡು ನೋಡಿದ್ದಳು, ಸಿಟ್ಟು ಬಂದು ಎಡಗೈಗೆ ಒಂದೇಟು ಕೊಟ್ಟೂ ನೋಡಿದ್ದಳು. ಯಾವುದೂ ನಡೆದಿರಲಿಲ್ಲ.

ಗುರುಗಳು ಪಿಯಾನೊದ ಮುಚ್ಚಳ ಹಾಕಿದರು. "ಕೇಳು," ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸು ಇಡ್ಲಿ ಮಾಡಿ ಮಾರುತ್ತಿದ್ದಳು. ಅವಳ ಸಂಸಾರವೆಲ್ಲ ಒಂದು ದೊಡ್ಡ ಒರಳಿನ ಮೇಲೆ ನಿಂತಿತ್ತು. ಒಂದು ಕೈಯಲ್ಲಿ ಗುಂಡುಕಲ್ಲನ್ನು ತಿರುಗಿಸುವುದು, ಮೇಲೆ ಉಕ್ಕಿ ಬಂದ ಹಿಟ್ಟನ್ನು ಇನ್ನೊಂದು ಕೈಯಲ್ಲಿ ಕುಳಿಗೆ ದೂಡುವುದು. ಕಲ್ಲು ಒಂದು ಕಡೆಗೆ ಬಾಗಿದಾಗ ಇನ್ನೊಂದು ಕಡೆ ಸಂದು ಬಿಡುತ್ತದೆ. ದೂಡುವ ಕೈ ಆ ಸಂದಿಯಲ್ಲಿ ಹೋಗಿ ಬಂದುಬಿಡಬೇಕು. ತಡವಾದರೆ ಬೆರಳು ಕಲ್ಲಿಗೆ ಸಿಕ್ಕಿತು. ಅವಳು ರುಬ್ಬುತ್ತಲೇ ಹಾಲಿನವನ ಜೊತೆ ಜಗಳವಾಡುತ್ತಿದ್ದಳು, ಮಗಳನ್ನು ಬೈಯುತ್ತಿದ್ದಳು, ಬೀದಿಯಲ್ಲಿ ಯಾರು ಹೋದರು ಎಂದು ಕತ್ತು ಚಾಚಿ ನೋಡುತ್ತಿದ್ದಳು. ಬೆರಳಿಗೆ ಒಂದು ದಿನವೂ ಏನೂ ಆಗಿರಲಿಲ್ಲ. ಅದು ಹೇಗೆ ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ಮದುವೆ ಮನೆಯವರು ಬೆಳಗಿನ ತಿಂಡಿಯನ್ನು ಅವಳಿಗೆ ಒಪ್ಪಿಸಿದರು. ಅಂಥ ದೊಡ್ಡ ಕೆಲಸ ಅವಳಿಗೆ ಬಂದದ್ದು ಅದೇ ಮೊದಲು. ಚೆನ್ನಾಗಿ ಮಾಡಿಕೊಟ್ಟರೆ ನಾಲ್ಕು ಮನೆಯವರು ಕರೆಯುತ್ತಾರೆ. ಮಾತು ತಪ್ಪಿದರೆ ಇನ್ನು ಯಾರೂ ತಿರುಗಿಯೂ ನೋಡುವುದಿಲ್ಲ. ಮದುವೆಯ ಹಿಂದಿನ ದಿನ ಅವಳು ಅಕ್ಕಿ, ಉದ್ದು ನೆನೆಹಾಕಿದಳು. ಆ ಬೆಳಿಗ್ಗೆಯೇ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಹಬೆ ಹೊಡೆಯಿತು. ಹಿಟ್ಟು ದೂಡುವ ಕೈ ಸುಟ್ಟು ಗುಳ್ಳೆ ಎದ್ದಿತು.

ಕಲ್ಲು ತಿರುಗಿಸುವ ಕೈ ಗಟ್ಟಿಯಾಗಿಯೇ ಇತ್ತು. ಹಿಟ್ಟು ದೂಡಲು ಮಗಳನ್ನು ಕೂರಿಸಿಕೊಂಡಳು. ಮಗಳು ಚುರುಕಿನ ಹುಡುಗಿ, ಕೆಲಸವೂ ಅವಳಿಗೆ ಹೊಸದಲ್ಲ. ಆದರೆ ತಾಯಿಯ ಕಣ್ಣು ಕಲ್ಲಿನ ಮೇಲೆ ನಿಲ್ಲಲಿಲ್ಲ, ಮಗಳ ಬೆರಳಿನ ಮೇಲೆ ನಿಂತಿತು. ಆ ಬೆರಳು ಸಂದಿಗೆ ಹೋದಾಗಲೆಲ್ಲ ಅವಳ ಕೈ ಕಲ್ಲನ್ನು ತಡೆಯುತ್ತಿತ್ತು. ಬೆರಳು ಹೊರಗೆ ಬಂದ ಮೇಲೆ ತಡವಾಯಿತೆಂದು ಕಲ್ಲನ್ನು ಓಡಿಸುತ್ತಿದ್ದಳು. ಕಲ್ಲು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದೇ ಮಗಳಿಗೆ ತಿಳಿಯದಾಯಿತು. ಅವಳು ಕಲ್ಲು ನೋಡುವುದನ್ನು ಬಿಟ್ಟು ತಾಯಿಯ ಮುಖ ನೋಡತೊಡಗಿದಳು.

"ಅಮ್ಮಾ, ನೀನು ಸುಮ್ಮನೆ ತಿರುಗಿಸಬಾರದಾ?" ಎಂದಳು ಮಗಳು.

"ನಿನಗೆ ಪೆಟ್ಟಾಗಬಾರದು ಅಂತಲೇ ಅಲ್ಲವೇನೇ ನಾನು ಇಷ್ಟು ಒದ್ದಾಡ್ತಿರೋದು?" ಎಂದಳು ತಾಯಿ.

ಆ ಮಾತು ಮುಗಿಯುವ ಮೊದಲೇ ಬೆರಳು ಕಲ್ಲಿಗೆ ಸಿಕ್ಕಿತು. ಮಗಳು ಕೂಗಿಕೊಂಡಳು. ಉಗುರು ಕಪ್ಪಾಯಿತು. ತಾಯಿ ಅವಳ ಕೈಯನ್ನು ತಣ್ಣೀರಿನಲ್ಲಿ ಅದ್ದಿ ಹಿಡಿದು, ತಾನೂ ಅತ್ತಳು. ಒರಳಿನಲ್ಲಿ ಹಿಟ್ಟು ಇನ್ನೂ ರವೆ ರವೆಯಾಗಿತ್ತು. ಮದುವೆ ಮನೆಗೆ ಏನೆಂದು ಹೇಳಿ ಕಳಿಸುವುದೋ ಅವಳಿಗೆ ತೋಚಲಿಲ್ಲ.

ಗೋಡೆಯಾಚೆಗೆ ಅವಳ ಓರಗಿತ್ತಿಯ ಮನೆ. ಅಣ್ಣತಮ್ಮಂದಿರು ಪಾಲಾದಂದಿನಿಂದ ಹೆಂಡತಿಯರು ಮಾತು ಬಿಟ್ಟಿದ್ದರು. ಅಣ್ಣತಮ್ಮಂದಿರು ಆಗಲೇ ಸರಿಹೋಗಿ ಒಟ್ಟಿಗೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಇವರಿಬ್ಬರಿಗೆ ಮಾತ್ರ ಒಬ್ಬಳ ನೆರಳು ಕಂಡರೆ ಇನ್ನೊಬ್ಬಳಿಗೆ ಆಗುತ್ತಿರಲಿಲ್ಲ. ಹುಡುಗಿಯ ಕೂಗು ಕೇಳಿ ಓರಗಿತ್ತಿ ಬಾಗಿಲಿಗೆ ಬಂದಳು. ಹುಡುಗಿಯ ಬೆರಳು ನೋಡಿದಳು, ಒರಳು ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಳೆಗಳನ್ನು ಮೇಲಕ್ಕೆ ಸರಿಸಿ, ಒರಳಿನ ಎದುರು ಕೂತುಬಿಟ್ಟಳು.

"ಬೆರಳು ಹೋದರೆ ಆಮೇಲೆ ನನ್ನನ್ನು ಕೇಳಬೇಡ," ಎಂದಳು ಇಡ್ಲಿಯವಳು.

"ನಿನ್ನನ್ನು ಯಾರು ಕೇಳಿದರು? ತಿರುಗಿಸು," ಎಂದಳು ಓರಗಿತ್ತಿ.

ಇಡ್ಲಿಯವಳು ಮುಖವನ್ನು ಗೋಡೆಯ ಕಡೆಗೆ ಮಾಡಿಕೊಂಡು ಕಲ್ಲು ತಿರುಗಿಸಿದಳು. ಮೊದಮೊದಲ ಸುತ್ತುಗಳಲ್ಲಿ ಸಿಟ್ಟಿತ್ತು. ಆದರೆ ಅದು ಭಾರದ ಕಲ್ಲು, ಯಾರ ಸಿಟ್ಟನ್ನೂ ಬಹಳ ಹೊತ್ತು ಹೊರುವಂಥದ್ದಲ್ಲ. ಸ್ವಲ್ಪ ಹೊತ್ತಿಗೆ ಅದು ತನ್ನ ನಡೆಗೆ ಬಂದಿತು. ಎದುರಿನ ಕೈ ಒಳಗೆ ಹೋಯಿತೋ ಹೊರಗೆ ಬಂದಿತೋ ಅವಳು ನೋಡಲಿಲ್ಲ. ನೋಡುವುದಿಲ್ಲವೆಂದು ಓರಗಿತ್ತಿಗೂ ಗೊತ್ತಿತ್ತು. ಇವಳ ಹತ್ತಿರ ಕನಿಕರ ಹುಟ್ಟುವುದಿಲ್ಲ ಎಂದು ತಿಳಿದವಳು ಕಲ್ಲನ್ನು ಮಾತ್ರ ನಂಬಿದಳು. ಕಲ್ಲು ಬಂದಾಗ ಅಲ್ಲಿ ಕೈ ಇರುತ್ತಿರಲಿಲ್ಲ. ಕಲ್ಲು ಆಚೆ ಹೋದ ಕೂಡಲೇ ಕೈ ಇರುತ್ತಿತ್ತು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಹಿಟ್ಟು ಬೆಣ್ಣೆಯ ಹಾಗೆ ನುಣ್ಣಗಾಯಿತು. ಓರಗಿತ್ತಿ ಕೈ ತೊಳೆದುಕೊಂಡು ಎದ್ದು ಹೋದಳು. ಅವಳ ಬೆರಳಿನ ಮೇಲೆ ಒಂದು ಗೀರೂ ಇರಲಿಲ್ಲ.

ಮರುದಿನ ಹೊತ್ತಿಗೆ ಸರಿಯಾಗಿ ಮದುವೆ ಮನೆಗೆ ಇಡ್ಲಿ ಹೋಯಿತು. ತಿಂದವರೆಲ್ಲ ಹೊಗಳಿದರು. ಅವಳಿಗೆ ಮಾತ್ರ ಸಂತೋಷವಾಗಲಿಲ್ಲ, ಸಂಕಟವಾಯಿತು. ಹೆತ್ತ ಮಗಳ ಬೆರಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ, ಅದೇ ಜಜ್ಜಿಹೋಯಿತು. ಮುಖ ಕಂಡರಾಗದವಳ ಬೆರಳನ್ನು ತಿರುಗಿಯೂ ನೋಡಲಿಲ್ಲ, ಅದಕ್ಕೆ ಏನೂ ಆಗಲಿಲ್ಲ. ಇದು ಯಾವ ನ್ಯಾಯ ಎಂದು ಬಹಳ ದಿನ ಕೊರಗಿದಳು. ತನ್ನ ಪ್ರೀತಿಯಲ್ಲೇ ಏನೋ ಐಬಿದೆ ಎಂದುಕೊಂಡಳು.

ಕೈ ವಾಸಿಯಾಯಿತು. ಒಂದು ಮಧ್ಯಾಹ್ನ ಒಬ್ಬಳೇ ರುಬ್ಬುತ್ತ ಕೂತಿದ್ದಾಗ ಅವಳು ತಲೆ ತಗ್ಗಿಸಿ ತನ್ನ ಕೈಗಳನ್ನು ನೋಡಿದಳು. ಒಂದು ತಿರುಗಿಸುತ್ತಿತ್ತು, ಒಂದು ದೂಡುತ್ತಿತ್ತು. ಅದೇನು ಮಾಡುತ್ತಿದೆ ಎಂದು ಇದು ವಿಚಾರಿಸುತ್ತಿರಲಿಲ್ಲ, ಇದಕ್ಕೆ ಕಷ್ಟವೇ ಎಂದು ಅದು ಕೇಳುತ್ತಿರಲಿಲ್ಲ. ಹುಟ್ಟಿದಾರಭ್ಯ ಒಂದೇ ಮೈಯಲ್ಲಿದ್ದೂ ಎರಡೂ ಓರಗಿತ್ತಿಯರ ಹಾಗೆ ಬಾಳಿಕೊಂಡು ಬಂದಿದ್ದವು. ಅದಕ್ಕೇ ಎರಡೂ ಉಳಿದಿದ್ದವು. ಅವಳು ಮಗಳನ್ನು ಕೂಗಿ ಎದುರು ಕೂರಿಸಿಕೊಂಡಳು. ಮುಖವನ್ನು ಗೋಡೆಯ ಕಡೆಗೆ ಮಾಡಿಕೊಂಡು ಕಲ್ಲು ತಿರುಗಿಸಿದಳು. ಹಾಗೆ ಮುಖ ತಿರುಗಿಸಿಕೊಳ್ಳುವುದು ಅವಳ ಜೀವಮಾನದಲ್ಲೇ ಅತಿ ಕಷ್ಟದ ಕೆಲಸವಾಗಿತ್ತು. ಮಗಳ ಬೆರಳಿಗೆ ಏನೂ ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ ಓರಗಿತ್ತಿಯರು ಮಾತಾಡಿದರೇ?" ಎಂದು ಕೇಳಿದಳು ವಾರಿಜಾ.

"ಒರಳಿಗೆ ಅದು ಬೇಕಾಗಿರಲಿಲ್ಲ."

ವಾರಿಜಾಳಿಗೆ ಸಮಾಧಾನವಾಗಲಿಲ್ಲ. "ಆದರೆ ಗುರುಗಳೇ, ನನ್ನ ಬಲಗೈ ಕಷ್ಟದಲ್ಲಿರುವಾಗ ಎಡಗೈ ಅದಕ್ಕಾಗಿ ನಿಂತು ಕಾಯುವುದು ಒಳ್ಳೆಯದಲ್ಲವೇ?" ಎಂದಳು.

ಗುರುಗಳು ಅವಳ ಮಡಿಲಿನ ಕಡೆಗೆ ನೋಡಿದರು. ಅಲ್ಲಿ ಎರಡು ಕೈಗಳೂ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದವು. ವಾರಿಜಾಳೂ ತಲೆ ತಗ್ಗಿಸಿ ಅವನ್ನು ನೋಡಿದಳು.

"ಮೊದಲು ಆ ಓರಗಿತ್ತಿಯರ ಹಾಗೆ ಅವೆರಡಕ್ಕೂ ಮಾತು ಬಿಡಿಸಿಕೊಂಡು ಬಾ," ಎಂದರು ಗುರುಗಳು, "ಆಮೇಲೆ ಕೂಡಿಸೋಣ."