ಅವಿರೋಧ ಆಯ್ಕೆ

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಕೋಟ್ರಯ್ಯನೆಂಬ ಶಿಷ್ಯನಿದ್ದ. ಮೊದಲು ಅವನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ. ಸಂಬಳ ಬಿಟ್ಟ, ಮನೆ ಬಿಟ್ಟ, ಚಹಾ ಕೂಡ ಬಿಟ್ಟ. ಇತಿಹಾಸದ ಹುಚ್ಚೊಂದನ್ನು ಬಿಡಲಾಗಲಿಲ್ಲ.

ಅದಾದರೂ ಎಂಥ ಹುಚ್ಚು? ಐರ್ಲೆಂಡ್ ದೇಶದ ನಾಕ್‌ಡೆರಿನ್ ಎಂಬ ಪುಟ್ಟ ಊರಿನ ಚುನಾವಣೆಗಳ ಇತಿಹಾಸ. ಒಂದು ಕಾಲಕ್ಕೆ ಆ ಊರು ಲಂಡನ್ನಿನ ಪಾರ್ಲಿಮೆಂಟಿಗೆ ಒಬ್ಬ ಸದಸ್ಯನನ್ನು ಆರಿಸಿ ಕಳಿಸುತ್ತಿತ್ತು. ಆ ಕ್ಷೇತ್ರ ರದ್ದಾಗಿ ನೂರು ವರ್ಷದ ಮೇಲಾಯಿತು. ಅಲ್ಲಿಯವರೇ ಮರೆತಿರಬಹುದಾದದ್ದನ್ನು ಇವನು ಮಲಪ್ರಭೆಯ ದಂಡೆಯಲ್ಲಿ ಕುಳಿತು ಓದುತ್ತಿದ್ದ.

ಉಳಿದ ಶಿಷ್ಯರು ಅವನನ್ನು ಕಂಡರೆ ದಾರಿ ಬದಲಿಸುವರು. ಸಿಕ್ಕಿಬಿದ್ದರೆ ನಾಕ್‌ಡೆರಿನ್ ಕೇಳಬೇಕಲ್ಲ.

ಕೇಳುತ್ತಿದ್ದವರು ಗುರುಗಳು ಒಬ್ಬರೇ. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಸ್ನಾನ ಮುಗಿಸಿ ನದಿಯ ಮೆಟ್ಟಿಲ ಮೇಲೆ ಕೂತಾಗ ತಾವೇ ಮಾತು ತೆಗೆಯುವರು.

“ಏನಂತಾರೋ ನಿನ್ನ ಊರ ಮಂದಿ?”

ಒಂದು ಮುಂಜಾನೆ ಕೋಟ್ರಯ್ಯನಿಗೆ ಅನುಮಾನವೊಂದು ಹುಟ್ಟಿತ್ತು.

“ಅಜ್ಜಾರ, ಆ ಊರಾಗ ಹಾರ್ಗ್ರೇವ್ ಅಂತ ಧಣ್ಯಾರ ಮನೆತನ ಇತ್ತರಿ. ಹೊಲ, ಮನಿ ಎಲ್ಲಾ ಅವರವ. ಮುತ್ಯಾ ಗೆದ್ದ, ಮಗ ಗೆದ್ದ, ಮೊಮ್ಮಗ ಗೆದ್ದ. ಬರೇ ಅವಿರೋಧ ಆಯ್ಕೆ.”

“ಹಂಗಂದ್ರ?”

“ಚುನಾವಣೆ ದಿನ ಅಧಿಕಾರಿ ಬಯಲಾಗ ಕಟ್ಟಿದ ಅಟ್ಟದ ಮ್ಯಾಲೆ ನಿಂತು, ಬೇರೆ ಯಾರದರ ಹೆಸರು ಐತೇನು ಅಂತ ಕೇಳ್ತಿದ್ದ. ಯಾರೂ ಬಾಯಿ ಬಿಡ್ತಿರಲಿಲ್ಲ. ಅಷ್ಟಾದ್ರ ಗೆದ್ದಂಗ. ಎಲ್ಲಾರೂ ಟೊಪಗಿ ಹಾರಿಸಿ ಮನಿಗೆ ಹೋಗ್ತಿದ್ರು.”

“ಧಣಿ ಮ್ಯಾಲೆ ಭಾಳ ಪ್ರೀತಿ ಇತ್ತು ಅನ್ನು.”

“ನಾನೂ ಹಂಗ ತಿಳಿದಿದ್ದೆ ರಿ. ಆದ್ರ ಮುಂದ ಒಂದು ಕಾಯ್ದೆ ಬಂತು. ಅಲ್ಲೀತನಕ ವೋಟು ಹಾಕೋದಂದ್ರ ಅಟ್ಟ ಹತ್ತಿ, ನನ್ನ ವೋಟು ಇಂಥವರಿಗೆ ಅಂತ ಎಲ್ಲಾರ ಮುಂದ ಒದರಬೇಕಿತ್ತು. ಧಣ್ಯಾರ ಕಾರಭಾರಿ ಕೆಳಗ ನಿಂತು ಕೇಳ್ತಿದ್ದ. ಹೊಸಾ ಕಾಯ್ದೆ ಬಂದ ಮ್ಯಾಲೆ ಚೀಟಿಗೆ ಗುರುತು ಮಾಡಿ ಪೆಟಗಿಯೊಳಗ ಹಾಕೋದು. ಯಾರು ಯಾರಿಗೆ ಹಾಕಿದ್ರು ಅನ್ನೋದು ಯಾರಿಗೂ ತಿಳಿಯೂದಿಲ್ಲ.”

“ಆಮ್ಯಾಲೆ?”

“ಊರಿನ ಚರ್ಮದ ವ್ಯಾಪಾರಿ ಒಬ್ಬ ಎದುರ ನಿಂತ. ಮೊಮ್ಮಗ ಹಾರ್ಗ್ರೇವ್ ಹೆಂಗ ಸೋತ ಅಂದ್ರ, ಮತ್ತ ಆ ಊರಿಗೆ ಕಾಲಿಡಲಿಲ್ಲ.”

ಅಜ್ಜಾರು ಹಿಂಡುತ್ತಿದ್ದ ಧೋತರವನ್ನು ಹಾಗೇ ಹಿಡಿದರು.

“ಅಷ್ಟೂ ಮಂದಿ ಒಮ್ಮಿಂದೊಮ್ಮೆಲೆ ಬದಲಾದ್ರೇನು?”

“ಅದ ನನಗ ತಿಳೀವಲ್ದರಿ. ಇಷ್ಟು ವರ್ಷ ಸುಮ್ಮನ ನಿಂತಿದ್ದವರು ಹೂಂ ಅಂದಿದ್ರೋ, ಊಹೂಂ ಅಂದಿದ್ರೋ?”

“ಯಾರೂ ಎಂದೂ ಎದುರ ನಿಂತಿರಲಿಲ್ಲೇನು?”

“ಮುತ್ಯಾನ ಕಾಲಕ್ಕ ಒಮ್ಮೆ ಮಾತ್ರ ಸಾಲಿ ಮಾಸ್ತರ ಒಬ್ಬ ನಿಂತಿದ್ದರಿ. ಏಳು ವೋಟು ಬಿದ್ದವು. ಮುಂದಿನ ವರ್ಷ ಆ ಏಳೂ ಮಂದಿ ಹೊಲ ಕಳಕೊಂಡ್ರು.”

ಅಜ್ಜಾರು ಧೋತರವನ್ನು ಮೆಟ್ಟಿಲ ಮೇಲೆ ಹರವಿದರು. ಆಮೇಲೆ ಕೇಳಿದರು.

“ಕೋಟ್ರಯ್ಯ, ನಮ್ಮಲ್ಲಿ ಹೆಂಗ?”

ಮಾತು ಎತ್ತ ಹೊರಟಿತೆಂದು ಕೋಟ್ರಯ್ಯನಿಗೆ ಹೊಳೆಯಿತು.

ಆಶ್ರಮ ಕಟ್ಟಿದ ಹಿರಿಯರು ಒಂದು ಪದ್ಧತಿ ಇಟ್ಟು ಹೋಗಿದ್ದರು. ಶ್ರಾವಣ ಮುಗಿದ ಮರುದಿನ ಎಲ್ಲರೂ ಸೇರಬೇಕು. ಹಿರಿಯ ಶಿಷ್ಯನೊಬ್ಬ ಎದ್ದು, ಈ ಪೀಠಕ್ಕೆ ಬೇರೆ ಹೆಸರುಂಟೇ ಎಂದು ಕೇಳಬೇಕು. ಯಾರೂ ಮಾತಾಡದಿದ್ದರೆ ಗುರುಗಳಿಗೆ ಶಾಲು ಹೊದಿಸಬೇಕು. ಇಪ್ಪತ್ತು ವರ್ಷದಿಂದ ಯಾರೂ ಮಾತಾಡಿರಲಿಲ್ಲ. ನಿಜ ಹೇಳಬೇಕೆಂದರೆ, ಕೇಳುವವನು ಇನ್ನೂ ಕೇಳುತ್ತಿರುವಾಗಲೇ ಅಡುಗೆಯವರು ಹುಗ್ಗಿ ಬಡಿಸಲು ಎಲೆ ಹಾಕುತ್ತಿದ್ದರು.

“ನೀವು ಹಾರ್ಗ್ರೇವ್ ಅಲ್ಲರಿ, ಅಜ್ಜಾರ,” ಎಂದ ಕೋಟ್ರಯ್ಯ.

“ಅವಗೂ ತಾ ಅಂಥಾಂವಲ್ಲ ಅಂತನ ಅನಿಸಿತ್ತು.”

“ನೀವು ಯಾರ ಹೊಲಾನೂ ಕಸಗೊಂಡಿಲ್ಲರಿ.”

“ಹೊಲ ಇಲ್ಲ, ಖರೆ. ಮತ್ತೇನರ ಕಸಗೊಂಡೀನೋ ಏನೋ, ಯಾರು ಹೇಳಬೇಕು?”

ಆ ವರ್ಷ ಶ್ರಾವಣ ಮುಗಿದ ಮರುದಿನ ಎಲ್ಲರೂ ಸೇರಿದಾಗ ಅಜ್ಜಾರು ಶಾಲು ಹೊದಿಸಿಕೊಳ್ಳಲಿಲ್ಲ. ಧ್ಯಾನದ ಕೋಣೆಯನ್ನು ತೋರಿಸಿದರು. ಒಳಗೆ ಒಂದು ಮೊರದಲ್ಲಿ ಜೋಳ, ಇನ್ನೊಂದು ಮೊರದಲ್ಲಿ ಹುಣಸೆ ಬೀಜ, ನಡುವೆ ಒಂದು ಗಡಿಗೆ. ಬೀಜ ಬಿದ್ದ ಸಪ್ಪಳದಿಂದ ಗುಟ್ಟು ಹೊರಬೀಳಬಾರದೆಂದು ಗಡಿಗೆಯ ತಳಕ್ಕೆ ತಾವೇ ಅರಳೆ ಹಾಸಿದ್ದರು.

“ಒಬ್ಬೊಬ್ಬರ ಹೋಗ್ರಿ, ಬಾಗಲಾ ಹಾಕ್ಕೋರಿ. ನಾ ಇರಬೇಕು ಅಂದ್ರ ಒಂದು ಜ್ವಾಳದ ಕಾಳು. ಬ್ಯಾಡ ಅಂದ್ರ ಒಂದು ಹುಣಸಿ ಬೀಜ. ಬೀಜ ಹೆಚ್ಚಾದ್ರ ನಾನು ಆಚೆ ದಂಡಿಗೆ ಹೋಗಾಂವ.”

ಹಿರಿಯ ಶಿಷ್ಯ ಗುರುಶಾಂತಪ್ಪನವರಿಗೆ ಸಿಟ್ಟೇ ಬಂತು.

“ನಿಮ್ಮನ್ನ ಬ್ಯಾಡ ಅನ್ನೋ ಪಾಪಿ ಇಲ್ಲಿ ಯಾರದಾನ್ರಿ?”

“ನೋಡು, ಹಿಂಗ ನೀ ಮೊದಲ ಪಾಪಿ ಅಂದುಬಿಟ್ರ ಯಾರು ಬಾಯಿ ಬಿಡ್ತಾರ? ಅದಕ್ಕ ಗಡಗಿ ಇಟ್ಟೀನಿ.”

ಎಲ್ಲರೂ ಹೋಗಿ ಬಂದರು. ಹೊರಗೆ ಬಂದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಜ್ಜಾರು ನದಿಯ ಮೆಟ್ಟಿಲಿಗೆ ಹೋಗಿ ಕುಳಿತರು. ಗಡಿಗೆಯನ್ನು ಅಲ್ಲಿಗೆ ತರುವ ಕೆಲಸ ಕೋಟ್ರಯ್ಯನದಾಯಿತು. ಈ ಹುಚ್ಚು ಹಚ್ಚಿದವನು ಅವನೇ ತಾನೆ?

ದಾರಿಯ ಬೇವಿನ ಮರದ ಕೆಳಗೆ ಅವನು ನಿಂತ. ಸುಮ್ಮನೆ ಇಣುಕಿ ನೋಡಬೇಕೆಂದಷ್ಟೇ ಇತ್ತು. ಇಣುಕಿದ.

ಬಿಳಿ ಜೋಳದ ನಡುವೆ ಕಪ್ಪು ಬೀಜಗಳು. ಒಂದಲ್ಲ, ಎರಡಲ್ಲ.

ಕೋಟ್ರಯ್ಯ ಗಡಿಗೆಯನ್ನು ನೆಲಕ್ಕಿಳಿಸಿದ. ತಾನು ಜ್ವರ ಬಂದು ಮಲಗಿದ್ದಾಗ ಗಂಜಿ ಕುಡಿಸಿದವರು ಅಜ್ಜಾರು. ಊರೆಲ್ಲ ನಕ್ಕ ತನ್ನ ಓದನ್ನು ಕೂತು ಕೇಳಿದವರು ಅಜ್ಜಾರು. ಅವರು ಆಚೆ ದಂಡೆಗೆ ಹೋದರೆ ತನಗೆ ಇಲ್ಲಿ ಯಾರಿದ್ದಾರೆ? ಹೋಗದಿದ್ದರೂ, ಇಷ್ಟು ಬೀಜ ನೋಡಿ ಆ ಜೀವ ಎಷ್ಟು ನೊಂದುಕೊಂಡೀತು?

ಅವನು ಎಣಿಸಲಿಲ್ಲ. ಅತ್ತಿತ್ತ ನೋಡಿ ಬೀಜಗಳನ್ನೆಲ್ಲ ಆರಿಸಿ ತೆಗೆದ. ಧೋತರದ ಚುಂಗಿಗೆ ಗಂಟು ಹಾಕಿ ಸಿಕ್ಕಿಸಿಕೊಂಡ. ಇಂಥ ಕೆಲಸವನ್ನು ಪುಸ್ತಕದಲ್ಲಿ ಓದಿದ್ದರೆ ಅವನೇ ಮೋಸವೆಂದು ಕರೆಯುತ್ತಿದ್ದ. ಆ ಹೊತ್ತಿಗೆ ಅದು ಹೊಳೆಯಲೇ ಇಲ್ಲ.

ಮೆಟ್ಟಿಲ ಮೇಲೆ ಅಜ್ಜಾರು ವಸ್ತ್ರ ಹಾಸಿ ಗಡಿಗೆಯನ್ನು ಬೋರಲು ಹಾಕಿದರು. ಕಾಳುಗಳಲ್ಲಿ ಬೆರಳಾಡಿಸಿದರು. ಅರಳೆಯನ್ನೂ ಬಿಡಿಸಿ ನೋಡಿದರು.

“ಒಂದೂ ಇಲ್ಲೇನು?”

“ಇಲ್ಲರಿ, ಅಜ್ಜಾರ. ಎಲ್ಲಾರಿಗೂ ನೀವ ಬೇಕು.”

ಅಜ್ಜಾರ ಮುಖ ಬಾಡಿತು. ಮೊಣಕಾಲಿಗೆ ಕೈ ಊರಿ ಎದ್ದರು. ಆಚೆ ದಂಡೆಯ ಅಂಬಿಗನಿಗೆ ಕೈ ಬೀಸಿದರು.

“ಯಾಕ್ರಿ? ಎಲ್ಲಿಗ್ರಿ? ನೀವು ಗೆದ್ದೀರಿ.”

“ಬಾಗಲಾ ಹಾಕೇತಿ, ನೋಡೋರು ಯಾರೂ ಇಲ್ಲ, ಸಪ್ಪಳ ಸುದ್ದಾ ಆಗೂದಿಲ್ಲ. ಅಷ್ಟಾದ್ರೂ ಒಬ್ಬರಿಗೂ ಬ್ಯಾಡ ಅನ್ನೋ ಧೈರ್ಯ ಬಂದಿಲ್ಲ ಅಂದ್ರ, ನಾ ಇವರನ್ನ ಎಷ್ಟು ಹೆದರಿಸಿ ಇಟ್ಟಿರಬೇಕು? ಹಾರ್ಗ್ರೇವ್‌ಗಿಂತ ಹೆಚ್ಚಿನಾಂವ ನಾನು. ಇಂಥವರು ಪೀಠದ ಮ್ಯಾಲೆ ಕುಂದ್ರಬಾರದು.”

ಅಂಬಿಗ ಹುಟ್ಟು ಹಾಕತೊಡಗಿದ. ದೋಣಿ ಅರ್ಧ ನದಿಗೆ ಬಂತು.

ಕೋಟ್ರಯ್ಯ ಒಮ್ಮೆ ದೋಣಿಯನ್ನು, ಒಮ್ಮೆ ಅಜ್ಜಾರನ್ನು ನೋಡಿದ. ಚುಂಗಿನ ಗಂಟಿಗೆ ಕೈ ಹಾಕಿದ. ಬಿಚ್ಚಲು ಬರಲಿಲ್ಲ. ಕೊನೆಗೆ ಹಲ್ಲಿನಿಂದ ಕಚ್ಚಿ ಎಳೆದ. ಹುಣಸೆ ಬೀಜಗಳು ಕಲ್ಲಿನ ಮೆಟ್ಟಿಲ ಮೇಲೆ ಉರುಳಿದವು.

“ನಿಮಗ ನೋವಾಗ್ತೈತಿ ಅಂತ ತಗದು ಇಟಗೊಂಡೆ ರಿ,” ಎಂದು ಅತ್ತುಬಿಟ್ಟ. “ನೀವು ಹೋಗಬಾರದು ಅಂತ ಮಾಡಿದೆ ರಿ.”

ಅಜ್ಜಾರು ಉರುಳಿದ ಬೀಜಗಳನ್ನು ನೋಡಿದರು, ಅವನನ್ನು ನೋಡಿದರು. ಬಯ್ಯಲಿಲ್ಲ.

“ಆ ಕಾರಭಾರಿ ಇದ್ನಲ್ಲೋ, ಅಟ್ಟದ ಕೆಳಗ ನಿಂದರತಿದ್ದಾಂವ. ಅವಗೂ ಧಣಿ ಮ್ಯಾಲೆ ಪ್ರೀತಿ ಇತ್ತೇನು?”

ಕೋಟ್ರಯ್ಯ ಕಣ್ಣೊರೆಸಿಕೊಂಡು ಯೋಚಿಸಿದ.

“ಪುಸ್ತಕದಾಗ ಬರದಿಲ್ಲರಿ.”

“ಬರೆಯೂದಿಲ್ಲ ಬಿಡು. ಆರಸು ಆ ಬೀಜ, ಒಂದೂ ಬಿಡಬ್ಯಾಡ.”

ಇಬ್ಬರೂ ಮೆಟ್ಟಿಲಿನ ಸಂದಿಗೊಂದಿಗಳಲ್ಲಿ ಕೈ ಹಾಕಿ ಬೀಜಗಳನ್ನು ಆರಿಸಿದರು. ನೀರಿಗೆ ಬಿದ್ದ ಒಂದಕ್ಕಾಗಿ ಅಜ್ಜಾರು ಮೊಣಕಾಲುದ್ದ ಇಳಿದರು. ಆಮೇಲೆ ವಸ್ತ್ರದ ಮೇಲೆ ಕಾಳು ಒಂದು ಕಡೆ, ಬೀಜ ಒಂದು ಕಡೆ ಮಾಡಿ ಎಣಿಸಿದರು. ಕಾಳು ಹೆಚ್ಚಿದ್ದವು. ಬೀಜಗಳೂ ಕಡಿಮೆಯೇನಿರಲಿಲ್ಲ.

ಅಜ್ಜಾರು ಅಂಬಿಗನಿಗೆ ಬರುವುದು ಬೇಡವೆಂದು ಕೈ ಮಾಡಿದರು. ಅವನು ಏನೋ ಗೊಣಗಿಕೊಳ್ಳುತ್ತ ದೋಣಿ ತಿರುಗಿಸಿದ.

ಕೋಟ್ರಯ್ಯನಿಗೆ ಹೋದ ಜೀವ ಬಂದಂತಾಯಿತು. ಜೋಳವನ್ನು ಗಡಿಗೆಗೆ ತುಂಬಿದ. ಅಜ್ಜಾರು ಹುಣಸೆ ಬೀಜಗಳನ್ನು ಬೊಗಸೆಯಲ್ಲಿ ಹಿಡಿದು ಕೂತೇ ಇದ್ದರು. ಅವರ ಮುಖದಲ್ಲಿ ನೋವಿರಲಿಲ್ಲ. ಇಷ್ಟು ವರ್ಷದಲ್ಲಿ ಅವನು ಕಾಣದ ಉಲ್ಲಾಸವಿತ್ತು.

“ಅವನ್ನ ನೀರಿಗೆ ಹಾಕಿ ಬರ್ಲೇನ್ರಿ?” ಎಂದು ಕೇಳಿದ.

ಅಜ್ಜಾರು ಬೊಗಸೆ ಮುಚ್ಚಿಕೊಂಡರು.

“ಇಪ್ಪತ್ತು ವರ್ಷ ಇಲ್ಲಿ ನಾ ಒಬ್ಬನ ಮಾತಾಡೀನಿ, ಕೋಟ್ರಯ್ಯ. ಇವತ್ತ ನನಗ ತಿರುಗಿ ಮಾತಾಡೋರು ಸಿಕ್ಕಾರ. ಅವರನ್ನೂ ನೀ ಗಂಟು ಕಟಗೊಂಡು ಹೊಂಟಿದ್ದಿ.”