ಹೊಸ್ತಿಲಿನಿಂದ ಗೊತ್ತಿದ್ದ ದಾರಿ

“ಗುರುಗಳೇ, ಬಟ್ಟಲು ಮುಳುಗುವುದರೊಳಗೆ ನಾನು ಹದಿಮೂರರ ಮಗ್ಗಿಯನ್ನು ಎರಡು ಸಲ ಹೇಳುತ್ತೇನೆ. ರುದ್ರಯ್ಯ ಒಂದು ಸಲವೂ ಮುಗಿಸುವುದಿಲ್ಲ. ಹೊಸ ಶಾಲೆಯನ್ನು ಅವನಿಗೇಕೆ ಒಪ್ಪಿಸಿದಿರಿ?”

ಕೇಳಿದವನು ಅಡಿವೆಪ್ಪ. ಆ ಮಠದ ಶಾಲೆಯಲ್ಲಿ ಮಗ್ಗಿ ಒಪ್ಪಿಸುವುದೇ ಒಂದು ಆಟ. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ಅದು ಮುಳುಗುವುದರೊಳಗೆ ಹೇಳಿ ಮುಗಿಸಿದವನು ಗೆದ್ದ. ಅಡಿವೆಪ್ಪನನ್ನು ಸೋಲಿಸಿದವರಿರಲಿಲ್ಲ. ಅವನು ಮಗ್ಗಿಯನ್ನು ಅರೆದು ಕುಡಿದವನೆಂದು ಎಲ್ಲರೂ ಹೊಗಳುತ್ತಿದ್ದರು, ಅವನೇನೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ರುದ್ರಯ್ಯನಾದರೋ ನಡುನಡುವೆ ನಿಂತು, ಹಿಂದಿನದನ್ನೂ ಮುಂದಿನದನ್ನೂ ತಾಳೆ ನೋಡುತ್ತ ಕೂರುತ್ತಿದ್ದ. ಹೊಸ ಶಾಲೆಯಲ್ಲಿ ಕಲಿಸುವವನು ತಾನೇ ಎಂದು ಅಡಿವೆಪ್ಪ ಆಗಲೇ ತಾಯಿಗೆ ಹೇಳಿ ಕಳಿಸಿದ್ದ. ಈಗ ಅವನಿಗೆ ಅವಮಾನವಾಗಿತ್ತು, ಹೊಟ್ಟೆಯೂ ಉರಿಯುತ್ತಿತ್ತು.

ಗುರುಗಳು ಕೂರಲು ಹೇಳಿ ಕತೆ ತೆಗೆದರು.

ಒಂದೂರಿನಲ್ಲಿ ಒಬ್ಬ ಓಟಗಾರನಿದ್ದ. ತನ್ನ ಮನೆಯಿಂದ ಹೊರಟು, ಊರಾಚೆ ಇದ್ದ ಸೂಲಗಿತ್ತಿಯ ಬಾಗಿಲು ಮುಟ್ಟಿ ಬರುವುದು ಅವನ ದಿನದ ಪಂದ್ಯ. ಗೌಡರು ಬಾಯಿಗೆ ಹಾಕಿಕೊಂಡ ಎಲೆಅಡಿಕೆ ಉಗುಳುವುದರೊಳಗೆ ಅವನು ತಿರುಗಿ ಬಂದಿರುತ್ತಿದ್ದ. ಹೊಸ್ತಿಲಿನಿಂದ ಇಷ್ಟು ಹೆಜ್ಜೆ, ಆಮೇಲೆ ಎಡಕ್ಕೆ. ಅಲ್ಲಿಂದ ಇಷ್ಟು ಹೆಜ್ಜೆ, ಆಮೇಲೆ ಬಲಕ್ಕೆ. ಕಣ್ಣು ಕಟ್ಟಿಬಿಟ್ಟರೂ ತಪ್ಪುತ್ತಿರಲಿಲ್ಲ. ಕಣ್ಣು ಬಿಟ್ಟು ಅವನು ಎಂದೂ ಆ ದಾರಿಯನ್ನು ನೋಡಿದವನೂ ಅಲ್ಲ.

ಒಂದು ದಿನ ಅವನು ಬೇರೆ ಕೆಲಸಕ್ಕೆಂದು ಹೊಲಗಳ ಕಡೆ ಹೋಗಿದ್ದ. ಅಲ್ಲಿ ಒಬ್ಬ ರೈತನ ಹೆಂಡತಿಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತ್ತು. ರೈತ ಅವಳನ್ನು ಬಿಟ್ಟು ಕದಲುವಂತಿರಲಿಲ್ಲ. ಸೂಲಗಿತ್ತಿಯನ್ನು ಕರೆತಾ ಎಂದು ಓಟಗಾರನ ಕೈ ಹಿಡಿದ. ಇಂಥ ಹೊತ್ತಿನಲ್ಲಿ ಇಂಥವನು ಸಿಕ್ಕಿದ್ದು ತನ್ನ ಪುಣ್ಯವೆಂದುಕೊಂಡ.

ಓಟಗಾರ ಎದ್ದೆನೋ ಬಿದ್ದೆನೋ ಎಂದು ಓಡಿದ. ಊರೊಳಗೆ ಬಂದ, ತನ್ನ ಮನೆಯ ಹೊಸ್ತಿಲು ಮುಟ್ಟಿದ, ಅಲ್ಲಿಂದ ತಿರುಗಿ ಸೂಲಗಿತ್ತಿಯ ಬಾಗಿಲಿಗೆ ಹೋದ. ಅಷ್ಟು ಜೋರಾಗಿ ಅವನು ಹಿಂದೆಂದೂ ಓಡಿರಲಿಲ್ಲ. ಆದರೂ ಆಕೆಯನ್ನು ಕರೆದುಕೊಂಡು ಹೊಲಕ್ಕೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ.

ಸೂಲಗಿತ್ತಿ ಕೈ ತೊಳೆದುಕೊಂಡು ಅವನ ಮುಂದೆ ನಿಂತಳು.

“ಈ ಬೇಲಿಯಾಚೆಗೇ ನನ್ನ ಹಿತ್ತಲು. ನೀನು ಅದರ ಪಕ್ಕದಲ್ಲೇ ಓಡಿಹೋದದ್ದನ್ನು ನಾನೇ ನೋಡಿದೆ. ಆಗಲೇ ಯಾಕಪ್ಪ ಕೂಗಲಿಲ್ಲ?”

“ನನಗೆ ನಿಮ್ಮ ಮನೆ ಗೊತ್ತಿರೋದು ನಮ್ಮ ಹೊಸ್ತಿಲಿಂದ, ಅವ್ವ” ಎಂದ ಓಟಗಾರ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪನಿಗೆ ಆ ಕೂಸಿನ ವಿಷಯ ಕೇಳಿ ಸಂಕಟವಾಯಿತು, ಓಟಗಾರನ ಮೇಲೆ ಸಿಟ್ಟೂ ಬಂತು. ಇಂಥ ದಡ್ಡನೂ ಇರುತ್ತಾನೆಯೇ, ಹಿತ್ತಲ ಪಕ್ಕದಲ್ಲೇ ಇದ್ದವನು ಮತ್ತೆ ಮೊದಲಿನಿಂದ ಹೊರಡುವುದೆಂದರೇನು ಎಂದು ಗುರುಗಳ ಎದುರಿಗೇ ಬೈದ.

ಗುರುಗಳು ಅವನು ಬೈದು ಮುಗಿಸುವ ತನಕ ಕಾದರು. ಬಟ್ಟಲನ್ನು ನೀರಿಗೆ ಬಿಡಲೂ ಇಲ್ಲ.

“ಹದಿಮೂರೆಂಟ್ಲ ಎಷ್ಟು, ಅಡಿವೆಪ್ಪ?”

ಹದಿಮೂರೊಂದ್ಲ ಹದಿಮೂರು ಎಂದು ಅವನ ತುಟಿ ಶುರುಮಾಡಿತು, ಹದಿಮೂರೆರಡ್ಲಕ್ಕೆ ಬಂದು ನಿಂತುಬಿಟ್ಟಿತು.